ಹಳೇ ಕಂಪ್ಯೂಟರಿನ ಮೇಲ್ ಹೊಸದಕ್ಕೆ: ಮೂರೂ ದಾರಿಯಲ್ಲಿ ಸಾಗಿಸಿ ನೋಡಿದ ಮೇಲೆ

ಕಂಪ್ಯೂಟರ್ ಬದಲಿಸುವಾಗ ಫೋಟೋ, ಹಾಡು, ಡಾಕ್ಯುಮೆಂಟುಗಳನ್ನು ಎಲ್ಲರೂ ನೆನಪಿಟ್ಟು ಕಾಪಿ ಮಾಡಿಕೊಳ್ಳುತ್ತಾರೆ. ಮೇಲ್ ಮಾತ್ರ ಹಿಂದೆ ಉಳಿದುಬಿಡುತ್ತದೆ. ಅದು ಹೇಗೂ ಇಂಟರ್ನೆಟ್ಟಿನಲ್ಲೇ ಇರುತ್ತದಲ್ಲ ಅನ್ನೋ ಧೈರ್ಯ. ಅಕೌಂಟ್ ಐಮ್ಯಾಪ್‌ನಲ್ಲಿದ್ದರೆ, ಅಂದರೆ ಮೇಲ್ ಸರ್ವರಿನಲ್ಲೇ ಉಳಿಯುವ ಪದ್ಧತಿಯಲ್ಲಿದ್ದರೆ, ಆ ಧೈರ್ಯ ಸರಿಯೇ. ಪಾಪ್‌ನಲ್ಲಿದ್ದರೆ ಅಲ್ಲ. ಪಾಪ್ ಪದ್ಧತಿಯಲ್ಲಿ ಮೇಲ್ ನಿಮ್ಮ ಡಿಸ್ಕಿಗೆ ಇಳಿಯುತ್ತದೆ. ಸರ್ವರಿನಲ್ಲಿರುವ ಪ್ರತಿ ಆಗಲೇ ಅಥವಾ ಕೆಲವು ದಿನಗಳಾದ ಮೇಲೆ ಅಳಿಸಿಹೋಗುವಂತೆ ಸೆಟ್ ಆಗಿರುವುದೇ ಜಾಸ್ತಿ. ಹಾಗಿದ್ದರೆ ವರ್ಷಗಟ್ಟಲೆಯ ಪತ್ರಗಳಿಗೆ ಇರುವುದು ಒಂದೇ ಮನೆ, ಆ ಹಳೇ ಡಿಸ್ಕ್.

ಅದಕ್ಕೇ ಮೊದಲು ಅಕೌಂಟ್ ಸೆಟ್ಟಿಂಗ್ಸ್ ತೆರೆದು ನೋಡಿ. ಸರ್ವರ್ ಪೋರ್ಟ್ 993 ಅಂತಿದ್ದರೆ ಐಮ್ಯಾಪ್, 995 ಅಂತಿದ್ದರೆ ಪಾಪ್. ಯಾವ ದಾರಿ ಹಿಡಿಯಬೇಕು ಅನ್ನುವುದು ಇಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಎಲ್ಲಕ್ಕಿಂತ ಸುಲಭವಾದದ್ದು ಐಮ್ಯಾಪ್. ಹೊಸ ಕಂಪ್ಯೂಟರಿನಲ್ಲಿ ಮೇಲ್ ಪ್ರೋಗ್ರಾಂ ಹಾಕಿ, ವಿಳಾಸ, ಪಾಸ್‌ವರ್ಡ್ ಕೊಟ್ಟು ಸುಮ್ನೆ ಬಿಟ್ಟರೆ ಆಯಿತು. ಫೋಲ್ಡರುಗಳು, ಓದಿದ್ದು ಯಾವುದು, ಓದದ್ದು ಯಾವುದು ಅನ್ನುವ ಗುರುತು, ಎಲ್ಲವೂ ಇಳಿದು ಬರುತ್ತವೆ. ಆದರೆ ದೊಡ್ಡ ಮೇಲ್‌ಬಾಕ್ಸ್ ಇದ್ದರೆ ತಾಳ್ಮೆ ಬೇಕು. ಜಿಮೇಲ್ ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿ ಇಳಿಸಿಕೊಳ್ಳಲು ಬಿಡುತ್ತದೆ, ಮೇಲಕ್ಕೆ ಕಳಿಸಲು ಬರೀ 500 ಎಂಬಿ. ಡಿಸ್ಕಿನಲ್ಲಿರುವ ಪಾಪ್ ಮೇಲನ್ನೆಲ್ಲ ಐಮ್ಯಾಪ್ ಅಕೌಂಟಿಗೆ ಎಳೆದು ಹಾಕಿ, ಅಲ್ಲಿಂದ ಇಳಿಸಿಕೊಳ್ಳುವ ಉಪಾಯವೂ ಉಂಟು. ಸಣ್ಣ ಫೋಲ್ಡರುಗಳಿಗೆ ಅದು ಚೆನ್ನಾಗಿಯೇ ನಡೆಯಿತು. ಹಲವು ಜಿಬಿ ಇದ್ದಾಗ ಮಧ್ಯೆ ಮಧ್ಯೆ ನಿಂತು, ಎಲ್ಲಿಯವರೆಗೆ ಹೋಗಿದೆ ಅಂತಲೇ ತಿಳಿಯದೆ ಹೋಯಿತು. ದೊಡ್ಡ ಸಂಗ್ರಹಕ್ಕೆ ನಾನು ಇದನ್ನು ಹೇಳುವುದಿಲ್ಲ.

ನನ್ನ ಮತ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಮಿನ ಪ್ರೊಫೈಲ್ ಫೋಲ್ಡರಿಗೆ. ಈ ಪ್ರೋಗ್ರಾಂ ಮೇಲ್, ವಿಳಾಸ ಪುಸ್ತಕ, ಫಿಲ್ಟರ್, ಅಕೌಂಟ್ ಸೆಟ್ಟಿಂಗ್, ಪಾಸ್‌ವರ್ಡ್ ಇಷ್ಟನ್ನೂ ಸಾಮಾನ್ಯವಾಗಿ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ತೆರೆದರೆ ಅದು ಎಲ್ಲಿದೆ ಅಂತ ತೋರಿಸುತ್ತದೆ. ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಆ ಫೋಲ್ಡರನ್ನು ಹಾಗೇ ಕಾಪಿ ಮಾಡಿ. ಹೊಸ ಕಂಪ್ಯೂಟರಿನಲ್ಲಿ ಇಟ್ಟು, ಪ್ರೊಫೈಲ್ ಮ್ಯಾನೇಜರಿನಲ್ಲಿ ಹೊಸ ಪ್ರೊಫೈಲ್ ಮಾಡುವಾಗ ಅದೇ ಫೋಲ್ಡರನ್ನು ಆರಿಸಿಕೊಳ್ಳಿ. ತೆರೆದಾಗ ಹಳೇ ಕಿಟಕಿಯೇ ಎದುರು ಬಂದಂತೆ ಇರುತ್ತದೆ. ಫೋಲ್ಡರುಗಳ ಸಾಲು, ನಕ್ಷತ್ರ ಹಾಕಿದ ಪತ್ರ, ಅರ್ಧ ಬರೆದಿಟ್ಟ ಡ್ರಾಫ್ಟ್ ಕೂಡ. ಇಷ್ಟು ಪೂರ್ತಿಯಾಗಿ ಬೇರೆ ಯಾವ ದಾರಿಯೂ ಸಾಗಿಸಿಲ್ಲ.

ಇದರಲ್ಲೂ ಗಮನಿಸಬೇಕಾದವು ಇವೆ. ಟೂಲ್ಸ್ ಮೆನುವಿನ ಎಕ್ಸ್‌ಪೋರ್ಟ್ ಜಿಪ್ ಫೈಲ್ ಮಾಡಿಕೊಡುತ್ತದೆ, ಆದರೆ ಪ್ರೊಫೈಲ್ 2 ಜಿಬಿ ದಾಟಿದರೆ ಅದನ್ನು ನೆಚ್ಚಬೇಡಿ, ಕೈಯಿಂದಲೇ ಕಾಪಿ ಮಾಡಿ. ಹೊಸ ಕಂಪ್ಯೂಟರಿನಲ್ಲಿ ಅದೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಲಿ, ಯಾಕೆಂದರೆ ಹೊಸ ಆವೃತ್ತಿಯ ಪ್ರೊಫೈಲನ್ನು ಹಳೇ ಆವೃತ್ತಿ ತೆರೆಯಲು ಒಪ್ಪುವುದಿಲ್ಲ. ಜಾಗ ಸಾಲದೆ ಮೇಲ್ ಫೋಲ್ಡರನ್ನು ಬೇರೆ ಡ್ರೈವಿನಲ್ಲಿ ಇಟ್ಟವರು ಸರ್ವರ್ ಸೆಟ್ಟಿಂಗ್ಸಿನ ಕೆಳಗಿರುವ ಲೋಕಲ್ ಡೈರೆಕ್ಟರಿ ಅನ್ನುವ ಸಾಲನ್ನು ನೋಡಲೇಬೇಕು. ಪ್ರೊಫೈಲ್ ಕಾಪಿ ಮಾಡಿದರೆ ಆ ಮೇಲ್ ಜೊತೆಗೆ ಬರುವುದಿಲ್ಲ. ಇನ್ನೊಂದು ಮಾತು, ಸೇವ್ ಮಾಡಿದ ಪಾಸ್‌ವರ್ಡುಗಳೂ ಆ ಫೋಲ್ಡರಿನಲ್ಲೇ ಇರುತ್ತವೆ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವಿನಲ್ಲಿ ಅದನ್ನು ಹಾಗೇ ಬಿಡಬೇಡಿ.

ಹುಡುಕಿದಾಗ ಪತ್ರ ಸಿಗದಿದ್ದರೆ, ಪಟ್ಟಿ ಖಾಲಿ ಕಂಡರೆ ಗಾಬರಿ ಬೇಡ. ಪ್ರತಿ ಫೋಲ್ಡರಿಗೂ ಎಂಎಸ್ಎಫ್ ಅನ್ನುವ ಒಂದು ಫೈಲ್ ಇರುತ್ತದೆ. ಅದು ಪತ್ರಗಳ ಸೂಚಿ, ಪತ್ರಗಳಲ್ಲ. ಫೋಲ್ಡರ್ ಪ್ರಾಪರ್ಟೀಸಿನಲ್ಲಿ ರಿಪೇರ್ ಒತ್ತಿದರೆ ಸೂಚಿ ಹೊಸದಾಗಿ ತಯಾರಾಗುತ್ತದೆ.

ವಿಂಡೋಸಿನ ಕ್ಲಾಸಿಕ್ ಔಟ್‌ಲುಕ್ ಬಳಸುವವರ ದಾರಿ ಪಿಎಸ್‌ಟಿ ಫೈಲ್. ಫೈಲ್ ಮೆನುವಿನ ಓಪನ್ ಅಂಡ್ ಎಕ್ಸ್‌ಪೋರ್ಟ್‌ನಿಂದ ತೆಗೆದು, ಹೊಸ ಕಂಪ್ಯೂಟರಿನಲ್ಲಿ ಅಲ್ಲಿಂದಲೇ ಒಳಗೆ ತರಬಹುದು. ಮೇಲ್, ಕ್ಯಾಲೆಂಡರ್, ಸಂಪರ್ಕಗಳು ಒಂದೇ ಫೈಲಿನಲ್ಲಿ ಬರುವುದು ಇದರ ದೊಡ್ಡ ಗುಣ. ಆಫೀಸಿನ ಕೆಲಸ ಮಾಡುವವರಿಗೆ ಕ್ಯಾಲೆಂಡರ್ ಕೂಡ ಮೇಲ್‌ನಷ್ಟೇ ಮುಖ್ಯ ಅಲ್ವಾ? ಆದರೆ ಅಕೌಂಟ್ ಸೆಟ್ಟಿಂಗುಗಳು, ಮೇಲನ್ನು ತಾನಾಗೇ ವಿಂಗಡಿಸುವ ರೂಲ್‌ಗಳು ಅದರ ಜೊತೆ ಬರುವುದಿಲ್ಲ. ಅವನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು. ಪ್ರೊಫೈಲ್ ದಾರಿಯ ಮುಂದೆ ಇದು ಸೋಲುವುದು ಇಲ್ಲೇ. ಗಾತ್ರದ ಚಿಂತೆ ಕಡಿಮೆ, 2010ರ ಔಟ್‌ಲುಕ್‌ನಿಂದೀಚೆಗೆ ಮಿತಿ 50 ಜಿಬಿ. ಪಿಎಸ್‌ಟಿ ಜೊತೆ ಓಎಸ್‌ಟಿ ಅನ್ನುವ ಫೈಲೂ ಕಣ್ಣಿಗೆ ಬೀಳಬಹುದು. ಅದು ಸರ್ವರಿನಲ್ಲಿರುವ ಮೇಲ್‌ನ ನಕಲು ಮಾತ್ರ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದಿಲ್ಲ. ಕಾಪಿ ಮಾಡಿ ಸಮಯ ಕಳೆಯಬೇಡಿ.

ಇದೆಲ್ಲ ಅದೇ ಪ್ರೋಗ್ರಾಮಿನಲ್ಲಿ ಮುಂದುವರಿಯುವವರಿಗೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಷ್ಟ ಹೆಚ್ಚು. ಥಂಡರ್‌ಬರ್ಡ್ ಮೇಲನ್ನು ಎಂಬಾಕ್ಸ್ ರೂಪದಲ್ಲಿ ಇಡುತ್ತದೆ, ಅಂದರೆ ಒಂದು ಫೋಲ್ಡರಿನ ಪತ್ರಗಳೆಲ್ಲ ಒಂದೇ ಪಠ್ಯದ ಫೈಲಿನಲ್ಲಿ ಸಾಲಾಗಿ ಕೂತಿರುತ್ತವೆ. ಆಪಲ್ ಮೇಲ್ ಅದನ್ನು ಓದುತ್ತದೆ, ಔಟ್‌ಲುಕ್ ನೇರವಾಗಿ ಓದುವುದಿಲ್ಲ. ಮೇಲನ್ನು ಬಹಳ ಕಾಲ ಉಳಿಸಿಕೊಳ್ಳಬೇಕು ಅನ್ನುವವರಿಗೆ ಎಂಬಾಕ್ಸ್ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ಬೇರೆ ಏನೂ ಸಿಗದಿದ್ದರೂ ಪಠ್ಯ ತೋರಿಸುವ ಯಾವುದೇ ಪ್ರೋಗ್ರಾಮಿನಲ್ಲಿ ಅದು ತೆರೆಯುತ್ತದೆ.

ಯಾವ ದಾರಿಯಲ್ಲಿ ಸಾಗಿಸಿದರೂ ಇನ್‌ಬಾಕ್ಸ್ ತುಂಬಿದೆ ಅಂತ ಅಲ್ಲಿಗೇ ನಿಲ್ಲಬೇಡಿ. ಎಲ್ಲಕ್ಕಿಂತ ಹಳೇ ಫೋಲ್ಡರಿಗೆ ಹೋಗಿ, ಒಳಗೊಳಗಿನ ಸಬ್‌ಫೋಲ್ಡರ್ ತೆರೆದು, ದೊಡ್ಡ ಅಟ್ಯಾಚ್‌ಮೆಂಟ್ ಒಂದನ್ನು ನಿಜವಾಗಿ ತೆರೆದು ನೋಡಿ. ಕಳಿಸಿದ ಪತ್ರಗಳ ಫೋಲ್ಡರನ್ನೂ ನೋಡಿ, ಪಾಪ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದು ಡಿಸ್ಕಿನಲ್ಲಿ ಮಾತ್ರ. ಇದೆಲ್ಲ ಸರಿಯಾಗುವವರೆಗೆ ಹಳೇ ಡಿಸ್ಕನ್ನು ಅಳಿಸಬೇಡಿ. ಆದರೆ ಅಲ್ಲಿ ಪಾಪ್ ಅಕೌಂಟ್ ತಾನಾಗೇ ಮೇಲ್ ಇಳಿಸಿಕೊಳ್ಳುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಹೊಸ ಪತ್ರಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ ಇಳಿಯುತ್ತವೆ, ಅವನ್ನು ಒಟ್ಟುಗೂಡಿಸಲು ಮತ್ತೆ ಇಷ್ಟೇ ಕೆಲಸ.