ಮಾಟುಂಗಾದ ಉಡುಪಿ ಹೋಟೆಲುಗಳ ಭಾನುವಾರದ ಸರದಿ: ಎಷ್ಟು ನ್ಯಾಯ?

ಮುಂಬಯಿಯ ಮಾಟುಂಗಾದ ದೋಸೆಯ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಇದು ಅಲ್ಲಿನ ಬಾಗಿಲಿನ ವಿಮರ್ಶೆ. 1940ರಿಂದ ನಡೆಯುತ್ತಿರುವ ಕೆಫೆ ಮದ್ರಾಸ್ ಇರಲಿ, ಕಿಂಗ್ಸ್ ಸರ್ಕಲ್ ಸುತ್ತಲಿನ ಬೇರೆ ಹೋಟೆಲುಗಳಿರಲಿ, ರಜೆಯ ಬೆಳಿಗ್ಗೆ ಹೆಸರು ಬರೆಸದೆ ಒಳಗೆ ಜಾಗ ಸಿಗುವುದು ಕಷ್ಟ. ಪಟ್ಟಿಗೆ ಬೇಕಾದದ್ದು ಎರಡೇ: ಹೆಸರು, ಜನ ಎಷ್ಟು.

ತಕರಾರು ಹುಟ್ಟುವುದು ಆ ಎರಡನೆಯದರಲ್ಲಿ. ಪಟ್ಟಿಯ ಮೊದಲಿಗೆ ಐದು ಜನರ ಕುಟುಂಬವಿದೆ, ಖಾಲಿಯಾದದ್ದು ಇಬ್ಬರ ಮೇಜು. ಹಿಂದಿದ್ದ ಜೋಡಿ ಒಳಗೆ ಹೋಗುತ್ತದೆ. ‘ಅವರು ನಮ್ಮಿಂದ ಮತ್ತೆ ಬಂದದ್ದಲ್ವಾ ಮಾರಾಯ್ರೆ?’ ಐವರಿಗೆ ಅಕ್ಕಪಕ್ಕದ ಎರಡು ಮೇಜು ಒಟ್ಟಿಗೆ ಬಿಡುವಾಗಬೇಕು. ಗೋಡೆಬದಿಯ ಸಣ್ಣ ಮೇಜನ್ನು ಖಾಲಿ ಬಿಟ್ಟರೆ ಅವರು ಕಾಯುವುದು ಒಂದು ನಿಮಿಷವೂ ತಪ್ಪದು, ಹಿಂದಿನವರದು ಮಾತ್ರ ಬೆಳೆಯುತ್ತದೆ. ಈ ಲೆಕ್ಕ ಗೊತ್ತಿದ್ದವರಿಗೂ ಮೊದಲು ಬರುವುದು ಸಿಟ್ಟೇ.

ಅನ್ಯಾಯ ಅನ್ನಿಸುವುದು ಬೇರೆ, ಅದಕ್ಕೆ ಏನು ಮಾಡಬೇಕೆಂದು ತೀರ್ಮಾನಿಸುವುದು ಬೇರೆ. 2006ರಲ್ಲಿ ಜ್ಯೂರಿಕ್‌ನ ಸಂಶೋಧಕರು ಇದನ್ನು ಹಣ ಹಂಚುವ ಆಟವೊಂದರಲ್ಲಿ ಪರೀಕ್ಷಿಸಿದರು. ಒಬ್ಬ 20 ಫ್ರಾಂಕನ್ನು ತನಗೂ ಇನ್ನೊಬ್ಬನಿಗೂ ಹಂಚಬೇಕು. ಆ ಇನ್ನೊಬ್ಬ ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಪಾಲು ಪಡೆಯುವವರ ಹಣೆಯ ಹಿಂದೆ ಬಲಬದಿಯಲ್ಲಿರುವ ಮಿದುಳಿನ ಭಾಗವನ್ನು ಕಾಂತೀಯ ಸ್ಪಂದನಗಳಿಂದ ಸ್ವಲ್ಪ ಹೊತ್ತು ಮಂದಗೊಳಿಸಿದಾಗ, ಬರೀ 4 ಫ್ರಾಂಕ್ ಕೊಟ್ಟರೂ ಒಪ್ಪಿಕೊಳ್ಳುವವರು ಹೆಚ್ಚಾದರು. ಅದು ಅನ್ಯಾಯವೆಂಬ ಅವರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಕೈಗೆ ಬರುವ ದುಡ್ಡನ್ನು ಬಿಟ್ಟುಕೊಟ್ಟು ‘ಬೇಡ’ ಎನ್ನಲು ಮನಸ್ಸಿನ ಹಿಡಿತ ಬೇಕಾಗುತ್ತದೆ. ಅನ್ಯಾಯ ಕಂಡೊಡನೆ ತಿರುಗಿ ಬೀಳುವುದೆಲ್ಲ ಬರೀ ಆವೇಶ ಎನ್ನುವವರು ಈ ಫಲಿತಾಂಶ ನೋಡಬೇಕು.

ಹಾಗಾಗಿ ಒಳ್ಳೆಯ ಸೇವೆಯೆಂದರೆ, ಹೆಸರು ಬರೆಯುವಾಗಲೇ ‘ಐದು ಜನಕ್ಕೆ ಎರಡು ಮೇಜು ಬೇಕು, ಇಬ್ಬಿಬ್ಬರು ಮುಂದೆ ಹೋಗುತ್ತಾರೆ’ ಎಂದು ಹೇಳಿಬಿಡುವುದು. ಸಿಟ್ಟು ಬಂದ ಮೇಲೆ ಹೇಳಿದರೆ ಅದೇ ಮಾತು ನೆಪದಂತೆ ಕೇಳುತ್ತದೆ. ಚಿಕ್ಕ ಗುಂಪು, ದೊಡ್ಡ ಗುಂಪಿಗೆ ಎರಡು ಪಟ್ಟಿ ಮಾಡಿದರೆ ಇನ್ನೂ ಉತ್ತಮ: ಯಾರನ್ನು ದಾಟಿ ಯಾರು ಹೋದರೆಂಬ ಪ್ರಶ್ನೆಯೇ ಏಳುವುದಿಲ್ಲ.

ಹೋಗುವವರು ಎಲ್ಲರೂ ಸೇರಿದ ಮೇಲೆ ಹೆಸರು ಬರೆಸಿ. ಕರೆದಾಗ ಇಬ್ಬರು ಇನ್ನೂ ಲೋಕಲ್‌ನಲ್ಲಿದ್ದರೆ ಸರದಿ ತಪ್ಪಬಹುದು. ಬೇರೆಯವರ ಜೊತೆ ಹಂಚಿಕೊಂಡು ಕೂರಲು, ಇಲ್ಲವೇ ಮೂವರು-ಇಬ್ಬರಾಗಿ ಒಡೆದು ಕೂರಲು ಒಪ್ಪಿಗೆಯಿದ್ದರೆ ಮೊದಲೇ ತಿಳಿಸಿ, ಬೇಗ ಜಾಗ ಸಿಗುತ್ತದೆ.

ಗುರುತಿನವರನ್ನು ನಡುವೆ ಒಳಗೆ ಬಿಡುವ ಹೋಟೆಲಿಗೆ ಮಾತ್ರ ನಮ್ಮಿಂದ ಅಂಕವಿಲ್ಲ. ಅದಕ್ಕೆ ಮೇಜಿನ ಲೆಕ್ಕದ ಸಮಜಾಯಿಷಿಯೂ ಇಲ್ಲ. ಅಂಥ ಕಡೆ ಪಟ್ಟಿಯಿಂದ ಹೆಸರು ತೆಗೆಸಿ, ಕಾರಣವನ್ನು ಗಲ್ಲಾದಲ್ಲಿ ಕೂತವರಿಗೆ ಹೇಳಿಯೇ ಹೊರಡಿ.