ಕುಂಟೆಬಿಲ್ಲೆಯೋ, ಹಿಟ್ಟಿನ ಪರಾತವೋ, ಚೀಟಿಯೋ?

ಒಂದನೇ ಕ್ಲಾಸಿನ ಮಕ್ಕಳನ್ನು ಒಂದೇ ಕಡೆ ಕೂರಿಸಿ ಓದಿಸುವುದು ಕಷ್ಟ, ಅಲ್ವಾ? ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಮಗಳಿಗೂ ಓಣಿಯ ಮಕ್ಕಳಿಗೂ ಮೂರು ಆಟ ಆಡಿಸಿ ನೋಡಿದ್ದೇನೆ. ಮೂರರಲ್ಲೂ ಮೈ ಅಲುಗಾಡುತ್ತದೆ. ಆದರೆ ಮೂರೂ ಒಂದೇ ಥರ ಓದಿಸುವುದಿಲ್ಲ.

ಕುಂಟೆಬಿಲ್ಲೆ ಅಂದರೆ ಎಲ್ಲರೂ ಓಡಿ ಬರುತ್ತಾರೆ. ಮನೆಗಳಲ್ಲಿ ಅ, ಆ, ಇ, ಈ ಎಂದು ಸಾಲಾಗಿ ಬರೆದರೆ ಮಾತ್ರ ಏನೂ ಉಪಯೋಗವಿಲ್ಲ. ಬಾಯಿಪಾಠ ಹೇಳುತ್ತಾ ಜಿಗಿಯುತ್ತಾರೆ, ಕೆಳಗಿನ ಅಕ್ಷರ ನೋಡುವುದೇ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ಆಟದೊಂದಿಗೆ ಕಲಿಸುವ ‘ನಲಿಕಲಿ’ ಪದ್ಧತಿಯಲ್ಲಿ ಮೊದಲು ಬರುವ ರ, ಗ, ಸ, ದ, ಅ ಬರೆದು ಪದ ಕೂಗಿ ನೋಡಿ. ‘ಗದಗ’ ಅಂದರೆ ಗ ಮೇಲೆ ಹಾರಬೇಕು, ದ ಮುಟ್ಟಬೇಕು, ತಿರುಗಿ ಗ ಮೇಲೆ ಬರಬೇಕು. ಅಕ್ಷರ ಕೂಡಿ ಪದ ಆಗುವುದು ಆಗ ಗೊತ್ತಾಗುತ್ತದೆ. ಆದರೆ ಬೇಸಿಗೆಯಲ್ಲಿ ನಮ್ಮ ಅಂಗಳ ಕಾದ ಹಂಚಿನಂತೆ. ಸಂಜೆವರೆಗೆ ಕಾಯಲೇಬೇಕು.

ಪರಾತದಲ್ಲಿ ಜೋಳದ ಹಿಟ್ಟು ಹರವಿ ಬೆರಳಿನಿಂದ ತಿದ್ದಿಸುವುದು ಒಳಗೇ ಆಗುವ ಆಟ. ವ-ಮ, ಪ-ಷ ಗೊಂದಲಕ್ಕೆ ಇದೇ ಒಳ್ಳೆಯದು. ಪ ಬರೆದು ಒಳಗೆ ಒಂದು ಗೀಟು ಎಳೆದರೆ ಷ. ಆದರೆ ಅಕ್ಷರದಾಚೆ ಹೋಗುವುದಿಲ್ಲ, ಬೇಗ ಬೇಜಾರೂ ಬರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚೀಟಿ ಆಟ. ‘ನಗು’, ‘ಕುಣಿ’, ‘ಓಡು’, ‘ಮಲಗು’ ಎಂದು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕುತ್ತೇನೆ. ಒಬ್ಬರು ಒಂದು ಎತ್ತಿ, ಮನಸ್ಸಿನಲ್ಲೇ ಓದಿ, ಮಾಡಿ ತೋರಿಸಬೇಕು. ಉಳಿದವರು ಪದ ಹೇಳಬೇಕು. ಇಲ್ಲಿ ಅರ್ಥ ಆಗದೆ ಮೈ ಅಲುಗುವುದೇ ಇಲ್ಲ. ಮಗು ಓದಿದೆಯೋ, ಸುಮ್ನೆ ಊಹಿಸಿದೆಯೋ ಅನ್ನುವುದೂ ಕಾಣುತ್ತದೆ. ‘ಓದು’ ಎಂಬ ಚೀಟಿ ಹಿಡಿದು ಮಗಳು ಗೇಟಿನವರೆಗೆ ಓಡಿದ್ದಳು! ನಾನು ತಿದ್ದಲಿಲ್ಲ. ಗೆಳತಿಯರೇ ಚೀಟಿ ಇಸಿದುಕೊಂಡು ದ ತೋರಿಸಿದರು. ಅವಳು ಮತ್ತೆ ಓದಿ, ಪುಸ್ತಕ ಹಿಡಿದವಳಂತೆ ಕುಳಿತಳು. ನಾಚಿಕೆ ಸ್ವಭಾವದ ಮಕ್ಕಳನ್ನು ಮೊದಲು ಜೋಡಿಯಾಗಿ ಕಳಿಸಿ. ಒಬ್ಬರನ್ನೇ ನಿಲ್ಲಿಸಿದರೆ ಓದಲು ಬಂದರೂ ಕಲ್ಲಾಗುತ್ತಾರೆ.

ದಿನಕ್ಕೆ ಸಿಗುವುದು ಸ್ವಲ್ಪವೇ ಸಮಯ ಅಂದರೆ ಚೀಟಿಯನ್ನೇ ಆರಿಸಿ. ಪದ ಸಲೀಸಾದ ಮೇಲೆ ‘ಬಾಗಿಲು ಮುಟ್ಟು’, ‘ಅಜ್ಜಿಗೆ ನೀರು ಕೊಡು’ ಎಂದು ಉದ್ದ ಮಾಡುತ್ತಾ ಹೋಗಿ. ಹಿಟ್ಟಿನ ಪರಾತ ಒತ್ತಕ್ಷರ ಶುರುವಾದಾಗ ಮತ್ತೆ ಬೇಕಾಗುತ್ತದೆ.