ಕಡಲ ದಂಡೆಯಲ್ಲಿ ಪಿಜ್ಜಾ ಸ್ಲೈಸ್: ಕಾಸು ಕೊಡುವ ಮೊದಲು ಗಾಜಿನ ಪೆಟ್ಟಿಗೆ ನೋಡಿ

ಮೇಲಿನ ಚೀಸ್ ನಾಲಿಗೆ ಸುಡುವಷ್ಟು ಬಿಸಿ, ಅದರಡಿಯ ಸಾಸ್ ಉಗುರುಬೆಚ್ಚಗೆ, ತಳ ನೆನೆದ ರಟ್ಟು. ಎರಡು ನಿಮಿಷ ಕಳೆಯುವಷ್ಟರಲ್ಲಿ ಆ ರಟ್ಟೇ ತೊಗಲಾಯಿತು. ಸಮುದ್ರ ದಂಡೆಯ ಊರೊಂದರಲ್ಲಿ ಬಿಡಿಯಾಗಿ ಕೊಂಡ ಪಿಜ್ಜಾ ಸ್ಲೈಸಿನ ಪಾಡು ಇದು. ಅಂಗಡಿಯ ಹೆಸರು ಬೇಡ, ಇಂಥದ್ದು ಯಾವ ದಂಡೆಯಲ್ಲಾದರೂ ಕೈಗೆ ಬರಬಹುದು. ಪಿಜ್ಜಾ ಬೇಯಿಸುವಾಗಲ್ಲ, ಬೆಂದ ಮೇಲೆ ಕೆಟ್ಟಿತ್ತು.

ಕೆಡಿಸಿದ್ದು ಮುಖ್ಯವಾಗಿ ಮೈಕ್ರೋವೇವ್. ಬೆಂದ ಹಿಟ್ಟು ತಣಿದಂತೆ ಅದರ ಪಿಷ್ಟ ಗಟ್ಟಿಕಟ್ಟುತ್ತದೆ. ಬ್ರೆಡ್ ಹಳತಾಗುವುದೂ ಹೀಗೆಯೇ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ, ನಿಜ. ಆದರೆ ಮೈಕ್ರೋವೇವ್ ಒಳಗಿನ ನೀರನ್ನು ಕಾಯಿಸುತ್ತದೆಯೇ ಹೊರತು ತಳವನ್ನು ಗರಿಗರಿ ಮಾಡುವುದಿಲ್ಲ. ಹಬೆ ತಳವನ್ನು ನೆನೆಸುತ್ತದೆ, ಮಿಕ್ಕ ನೀರು ಹಾರಿಹೋಗುತ್ತದೆ, ತಣಿದ ಕೂಡಲೇ ತೊಗಲು. ಸರಿಯಾದ ದಾರಿ ಓವನ್ನಿನ ಬಿಸಿ ಕಲ್ಲು: 260 ಡಿಗ್ರಿ ಆಸುಪಾಸಿನಲ್ಲಿ, ತಟ್ಟೆಯಿಲ್ಲದೆ, ಎರಡು ಮೂರು ನಿಮಿಷ. ‘ಓವನ್ನಿನಲ್ಲಿ ಬಿಸಿ ಮಾಡುತ್ತೀರಾ?’ ಎಂದು ಕಾಸು ಕೊಡುವ ಮೊದಲೇ ಕೇಳಿ. ಆಗಲ್ಲ ಎಂದರೆ ಮುಂದೆ ನಡೆಯಿರಿ.

ದಂಡೆಯ ಗಾಳಿಯೂ ಸುಮ್ಮನಿರುವುದಿಲ್ಲ. ಒಣಗಿದ ಅಂಚು ಗಾಳಿಯ ತೇವ ಹೀರುತ್ತದೆ, ತಳ ಸಾಸಿನ ನೀರು ಹೀರುತ್ತದೆ. ಹಾಗಾಗಿ ಒಳನಾಡಿನಲ್ಲಿ ಒಂದು ಗಂಟೆ ತಡೆಯುವ ಸ್ಲೈಸ್ ಇಲ್ಲಿ ಅದಕ್ಕೂ ಮೊದಲೇ ಸೋಲುತ್ತದೆ.

ರುಚಿ ಹಾಳಾದರೆ ಹಾಳಾಗಲಿ, ಹೊಟ್ಟೆಯ ವಿಷಯ ಬೇರೆ. ಮಾಂಸ, ಮೀನು, ಚೀಸ್ ಇರುವ ತಿನಿಸು 5ರಿಂದ 60 ಡಿಗ್ರಿ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗೆ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ಸ್ಲೈಸ್ ಇಟ್ಟ ಗಾಜಿನ ಪೆಟ್ಟಿಗೆಯಲ್ಲಿ ಹಳದಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ 60 ಡಿಗ್ರಿ ಇದೆ ಎಂದಲ್ಲ, ಎಷ್ಟೋ ಕಡೆ ಅದು ಬಣ್ಣ ಕಾಣಿಸಲಷ್ಟೇ. ‘ಮತ್ತೆ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತನ್ನು ನಂಬಬೇಡಿ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಒಮ್ಮೆ ಬಿಟ್ಟ ವಿಷ ಕಾಯಿಸಿದರೂ ಹೋಗುವುದಿಲ್ಲ. ಕೆಟ್ಟ ಟ್ಯೂನಾದಂಥ ಮೀನಿನಲ್ಲಿ ಸೇರುವ ಹಿಸ್ಟಮಿನ್ ಎಂಬ ವಿಷವಸ್ತುವೂ ಹಾಗೆಯೇ. ಸಮುದ್ರ ಎದುರಿಗೇ ಇದ್ದರೂ ಸ್ಲೈಸ್ ಮೇಲಿನ ಸೀಗಡಿ ಇವತ್ತಿನದೇ ಆಗಬೇಕೆಂದಿಲ್ಲ!

ನೋಡಿ ಗುರುತಿಸುವುದು ಹೀಗೆ. ಚೀಸ್ ಮೇಲೆ ಎಣ್ಣೆ ಹೆಪ್ಪುಗಟ್ಟಿ ಮಂಕಾಗಿದ್ದರೆ, ಅಂಚು ಸುಕ್ಕುಗಟ್ಟಿದ್ದರೆ ಅದು ಹಳತು. ಕತ್ತರಿಸಿದ ಬದಿಯಲ್ಲಿ ಸಾಸಿನ ಕೆಳಗೆ ಅಂಟಂಟಾದ ಬೂದುಬಿಳಿ ಗೆರೆ ಕಂಡರೆ ಹಿಟ್ಟು ಪೂರ್ತಿ ಬೆಂದಿಲ್ಲ. ತಳದಲ್ಲಿ ಕಂದು ಚುಕ್ಕೆಗಳಿರಬೇಕು, ಬೆಳ್ಳಗಿದ್ದರೆ ಬೇಡ. ಅಣಬೆ, ಚಿಕನ್ ಚೂರುಗಳು ಚೀಸಿನಲ್ಲಿ ಹುದುಗದೆ ಮೇಲೆ ಸುಮ್ಮನೆ ಕೂತಿದ್ದರೆ, ಹಳೆಯ ಚೀಸ್ ಸ್ಲೈಸಿಗೆ ಆಮೇಲೆ ಉದುರಿಸಿ ಬಿಸಿ ಮಾಡಿದ್ದಾರೆ ಎಂದುಕೊಳ್ಳಿ. ಕಚ್ಚಿದರೆ ಎಲ್ಲ ಒಟ್ಟಿಗೆ ಜಾರಿ ಮರಳಿಗೆ. ಎಳೆ ಬಾರದೆ ಅಂಗುಳಕ್ಕೆ ಮೆತ್ತಿಕೊಳ್ಳುವ ಚೀಸ್ ಬಹುಶಃ ಮೊಜರೆಲ್ಲಾ ಅಲ್ಲ, ಸಸ್ಯದ ಎಣ್ಣೆ ಮತ್ತು ಪಿಷ್ಟ ಸೇರಿಸಿದ ಬದಲಿ ಸರಕು.

ಗಾತ್ರವನ್ನೂ ಕೇಳಿ. 18 ಇಂಚಿನ ಪಿಜ್ಜಾದ ಎಂಟನೇ ಒಂದು ಭಾಗ ಸುಮಾರು 32 ಚದರ ಇಂಚು, 14 ಇಂಚಿನದಾದರೆ 19 ಮಾತ್ರ. ಬೋರ್ಡಿನ ಮೇಲೆ ಎರಡೂ ‘ಒಂದು ಸ್ಲೈಸ್’.

ಮಧ್ಯಾಹ್ನದ ಊಟ ಮುಗಿದು ಸಂಜೆಯ ಜನ ಬರುವ ಮುಂಚಿನ ಹೊತ್ತಲ್ಲಿ ಕೊಳ್ಳಲೇಬೇಡಿ, ಪೆಟ್ಟಿಗೆಯಲ್ಲಿ ಉಳಿದದ್ದೇ ಇರುತ್ತದೆ. ಜನ ಸಾಲು ನಿಂತಾಗ ಹೋಗಿ, ಈಗಷ್ಟೇ ಓವನ್ನಿನಿಂದ ಇಳಿದದ್ದನ್ನು ಬೆರಳು ಮಾಡಿ ತೋರಿಸಿ ಕೇಳಿ. ಸಾದಾ ಚೀಸ್ ಸ್ಲೈಸ್ ಬೇಗ ಖರ್ಚಾಗುತ್ತದೆ, ಅದೇ ವಾಸಿ.

ಹೊಸ ಸ್ಲೈಸೇ ಕೊಂಡು, ತಿನ್ನುವ ಮೊದಲು ಗಾಳಿಗೆ ತಣಿದಿದ್ದರೆ, ಕೋಣೆಗೆ ಒಯ್ದು ಒಣ ಕಾವಲಿಯಲ್ಲಿ ಸಣ್ಣ ಉರಿಗೆ ಮೂರು ನಿಮಿಷ ಇಡಿ. ತಳ ಗರಿಯಾದ ಮೇಲೆ ಪಕ್ಕಕ್ಕೆ ನಾಲ್ಕು ಹನಿ ನೀರು ಬಿಟ್ಟು ಮುಚ್ಚಳ ಹಾಕಿದರೆ ಒಂದು ನಿಮಿಷದಲ್ಲಿ ಚೀಸ್ ಕರಗುತ್ತದೆ.